ಬಿಡಿಭಾಗ ಆರಿಸಿಕೊಡುವ ಟಚ್ ಸ್ಕ್ರೀನಿನವರ ಸನ್ನಿಧಾನಕ್ಕೆ

ಜಯನಗರ ನಾಲ್ಕನೇ ಬ್ಲಾಕಿನ ಕಂಪ್ಯೂಟರ್ ಅಂಗಡಿಯೊಂದರ ಬಾಗಿಲಲ್ಲಿ ನಿಂತು, ಬಂದವರಿಗೆಲ್ಲ ಬಿಡಿಭಾಗ ಆರಿಸಿಕೊಡುತ್ತಿರುವ ಟಚ್ ಸ್ಕ್ರೀನಿನವರಿಗೆ,

ಮಾನ್ಯರೇ,

ಸಿದ್ದಾಪುರದಿಂದ ಸಿದ್ದಗಂಗಮ್ಮ ಮಾಡುವ ಶರಣು ಶರಣಾರ್ಥಿಗಳು. ತಮಗೆ ಹೊತ್ತು ಹೊತ್ತಿಗೆ ಕರೆಂಟು ಸಿಗುತ್ತಿದೆ, ಮೈಮೇಲಿನ ಬೆರಳಿನ ಗುರುತುಗಳನ್ನು ಯಾರಾದರೂ ಒರೆಸುತ್ತಿದ್ದಾರೆ ಎಂದು ನಂಬಿ ಈ ಕಾಗದ ಬರೆಯುತ್ತಿದ್ದೇನೆ.

ನಾನು ಗುಬ್ಬಿ ಕಡೆಯ ಹಳ್ಳಿ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದವಳು. ನಮ್ಮದೊಂದು ಚಿಕ್ಕ ಸ್ಟುಡಿಯೊ ಇದೆ. ಫೋಟೊ ತೆಗೆಯುವುದು ನಮ್ಮ ಯಜಮಾನರು. ಅದನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ, ಕಲೆ ತೆಗೆದು, ಹಣೆಗೆ ವಿಭೂತಿಯೋ ನಾಮವೋ ಆಯಾ ಮನೆಯ ಪದ್ಧತಿಯಂತೆ ಇಟ್ಟುಕೊಡುವುದು ನಾನು. ಸುತ್ತಿನ ಬೀದಿಗಳ ಗೋಡೆಗಳಲ್ಲಿ ಹಾರ ಹಾಕಿಸಿಕೊಂಡು ಕುಳಿತ ಹಿರಿಯರಲ್ಲಿ ಮುಕ್ಕಾಲು ಪಾಲು ನನ್ನ ಕೈ ದಾಟಿಯೇ ಹೋದವರು.

ಹೋದ ಗುರುವಾರ ತಮ್ಮೆದುರು ಬಂದು ನಿಂತದ್ದು ಒಂದೇ ಒಂದು ಮುಖದ ಸಲುವಾಗಿ. ನಮ್ಮ ಬೀದಿಯಲ್ಲಿ ತಳ್ಳುಗಾಡಿಯ ಮೇಲೆ ಹೂ ಮಾರುತ್ತಿದ್ದ ತಿಮ್ಮರಾಯಪ್ಪನವರು ತೀರಿಕೊಂಡಿದ್ದರು. ಭಾನುವಾರ ಹನ್ನೊಂದನೇ ದಿನದ ಕಾರ್ಯ. ಅಷ್ಟರಲ್ಲಿ ಫೋಟೊ ಆಗಬೇಕಿತ್ತು. ಗುರುತಿನ ಚೀಟಿಯಲ್ಲಿದ್ದದ್ದನ್ನು ಅವರ ಹೆಂಡತಿ ಗೋವಿಂದಮ್ಮ, "ಇದ್ ಬ್ಯಾಡ ಅಕ್ಕ, ಕಳ್ಳನ್ನ ಹಿಡ್ಕೊಂಬಂದಂಗೈತೆ" ಎಂದು ತಳ್ಳಿಹಾಕಿದ್ದರು. ಉಳಿದದ್ದು ಒಂದೇ ಫೋಟೊ. ಯಾರದೋ ಗೃಹಪ್ರವೇಶದ ಹಿಂದಿನ ಸಾಲಿನಲ್ಲಿ, ಇನ್ನೊಬ್ಬರ ಪೇಟದ ಮರೆಯಲ್ಲಿ, ಉಗುರಿನಷ್ಟು ಅಗಲದ ಅರ್ಧ ಮುಖ. ಹನ್ನೊಂದು ವರ್ಷ ದುಡಿದ ನಮ್ಮ ಹಳೇ ಕಂಪ್ಯೂಟರೋ, ಕಾಲು ಗಂಟೆಗೊಮ್ಮೆ ಕಾದು ಕೆಂಡವಾಗಿ ಆರಿಹೋಗುತ್ತಿತ್ತು. ಅದಕ್ಕೇ ಹೊಸದು ಕೊಳ್ಳಲು ಬಂದೆ.

ತಾವು ಕನ್ನಡದಲ್ಲೇ ಕೇಳಿದಿರಿ, ಸಂತೋಷವಾಯಿತು. ಯಾವ ಕೆಲಸಕ್ಕೆ ಎಂದಿರಿ, ಫೋಟೊ ತಿದ್ದುವುದಕ್ಕೆ ಎಂದು ಒತ್ತಿದೆ. ಕೂಡಲೇ ಪ್ರೊಸೆಸರ್ ಇಂಥದ್ದು, ರ‍್ಯಾಮ್ ಇಷ್ಟು, ಗ್ರಾಫಿಕ್ಸ್ ಕಾರ್ಡ್ ಸಾಧಾರಣದ್ದು ಸಾಕು, ಮಾನಿಟರ್ ಮಾತ್ರ ಬಣ್ಣ ಇದ್ದ ಹಾಗೇ ತೋರಿಸುವಂಥದ್ದು ಬೇಕು ಎಂದು ಆರಿಸಿಕೊಟ್ಟಿರಿ. ಹೆತ್ತ ತಾಯಿಯೂ ಮಗಳಿಗೆ ಇಷ್ಟು ಯೋಚಿಸಿ ಗಂಡು ಹುಡುಕಲಾರಳು. ಅಂಗಡಿಯ ಜಯಸಿಂಹ ಅವರೂ "ಆಂಟಿ, ಲಿಸ್ಟು ಸಖತ್ತಾಗಿದೆ, ಒತ್ಬಿಡಿ" ಎಂದರು.

ಗಡಿಯಾರ ನೋಡಿದೆ. ಒಂದು ಮೂವತ್ತೈದು. ಗುರುವಾರ ಒಂದೂವರೆಯಿಂದ ಮೂರರವರೆಗೆ ರಾಹುಕಾಲ. ಒಂದು ಮನೆಯ ಶುಭ ಅಶುಭದ ಕೆಲಸಕ್ಕೆ ಒದಗಬೇಕಾದ ಯಂತ್ರವನ್ನು ಆ ಹೊತ್ತಿನಲ್ಲಿ ಕೊಳ್ಳುವುದಾದರೂ ಹೇಗೆ? ಸ್ಟೂಲು ಎಳೆದುಕೊಂಡು ತಮ್ಮ ಎದುರಿಗೇ ಕುಳಿತು ಪಂಚಾಕ್ಷರಿ ಜಪಿಸತೊಡಗಿದೆ. ಹತ್ತು ನಿಮಿಷ ಕಳೆದ ಮೇಲೆ ತಾವು ಬಹಳ ಕಾಳಜಿಯಿಂದ "ನೀವು ಇನ್ನೂ ಇದ್ದೀರಾ?" ಎಂದು ವಿಚಾರಿಸಿದಿರಿ. "ಇದ್ದೀನಪ್ಪ, ಮೂರ್ ಗಂಟೆವರ್ಗೂ ಇರ್ತೀನಿ" ಎಂದು ಬಾಯಿಬಿಟ್ಟು ಹೇಳಿದೆ. ಅಂಗಡಿಯಲ್ಲಿದ್ದವರೆಲ್ಲ ಕೇಳಿಸಿಕೊಂಡರು. ತಾವೊಬ್ಬರು ಕೇಳಿಸಿಕೊಳ್ಳದೆ ಲಿಸ್ಟು ಅಳಿಸಿಹಾಕಿದಿರಿ.

ಮೂರು ಗಂಟೆಗೆ ಮತ್ತೆ ಅವೇ ಪ್ರಶ್ನೆಗಳಿಗೆ ಅವೇ ಉತ್ತರ ಕೊಟ್ಟೆ. ಅಷ್ಟರಲ್ಲಿ ಆ ಮಾನಿಟರನ್ನು ಯಾರೋ ಪುಣ್ಯಾತ್ಮರು ರಾಹುಕಾಲದಲ್ಲೇ ಕೊಂಡುಹೋಗಿದ್ದರು. ಅದಿದ್ದ ಜಾಗದಲ್ಲಿ ತಾವು "ನಿಮ್ಮಂಥವರು ಇದನ್ನೂ ಇಷ್ಟಪಟ್ಟಿದ್ದಾರೆ" ಎಂದು ಆಟ ಆಡುವವರ ಮಾನಿಟರನ್ನೂ, ಏಳು ಬಣ್ಣದ ದೀಪ ಮಿಣುಕುವ ಗಾಜಿನ ಪೆಟ್ಟಿಗೆಯನ್ನೂ ತೋರಿಸಿದಿರಿ. ಐವತ್ತು ವರ್ಷದ, ದಿನಾ ಲಿಂಗಪೂಜೆ ಮಾಡುವ, ಸತ್ತವರ ಮುಖ ತಿದ್ದುವ ನನ್ನಂಥವರು ಎಷ್ಟು ಜನ ಅದನ್ನು ಇಷ್ಟಪಟ್ಟರೆಂದು ಕೇಳಲು ವೇಳೆಯಿರಲಿಲ್ಲ. ಉಳಿದದ್ದು ಮೂರೇ ದಿನ. ಒತ್ತಿದೆ.

ಶುಕ್ರವಾರ ಪೆಟ್ಟಿಗೆ ಮನೆಗೆ ಬಂತು. ಅದರ ವೇಗ ಹೊಗಳಲು ನನ್ನಲ್ಲಿ ಮಾತಿಲ್ಲ. ಪೇಟದ ಹಿಂದಿನ ಅರ್ಧ ಮುಖ ಒಂದೇ ಗಂಟೆಯಲ್ಲಿ ಮೂಡಿತು. ಆದರೆ ದೀಪ ಕೆಂಪಾದಾಗ ತಿಮ್ಮರಾಯಪ್ಪನವರು ಸಿಟ್ಟಾದಂತೆ, ಹಳದಿಯಾದಾಗ ಕಾಮಾಲೆಯಾದಂತೆ ಕಾಣುತ್ತಿದ್ದರು. ಹಣೆಯ ನಾಮ ಒಮ್ಮೆ ನೀಲಿ, ಒಮ್ಮೆ ನೇರಳೆ. ದೀಪ ಮರೆಯಾಗಲೆಂದು ದಪ್ಪ ಜಮಖಾನ ಹೊದಿಸಿದೆ. ಪೆಟ್ಟಿಗೆ ಸೆಕೆ ತಾಳದೆ ಆರಿಹೋಯಿತು. ಜಮಖಾನ ತೆಗೆದು, ಆ ದೀಪದ ಬಣ್ಣದಲ್ಲೇ ತಿದ್ದಿ ಮುಗಿಸಿದೆ. ಶನಿವಾರ ಬೆಳಗ್ಗೆ ಪ್ರಿಂಟು ಕೊಟ್ಟಾಗ ಗೋವಿಂದಮ್ಮ ಬಹಳ ಹೊತ್ತು ನೋಡಿ, "ಚೆಂದಾಗವ್ರೆ ಅಕ್ಕ. ಆದ್ರೆ ಯಾರಿವ್ರು?" ಎಂದರು.

ಇಂಥ ಪ್ರಶ್ನೆ ಇಪ್ಪತ್ತೆರಡು ವರ್ಷದಲ್ಲಿ ನನ್ನನ್ನು ಯಾರೂ ಕೇಳಿರಲಿಲ್ಲ. ಈ ಅವಕಾಶ ಒದಗಿಸಿದ ತಮಗೆ ನಾನು ಚಿರಋಣಿ.

ಆದ್ದರಿಂದ ನನ್ನ ವಿನಂತಿಗಳು ಅಲ್ಪ. ಏಳೂ ದಿನದ ರಾಹುಕಾಲವನ್ನು ತಾವು ಬಾಯಿಪಾಠ ಮಾಡಬೇಕು. ಇದ್ದೀರಾ ಎಂದು ಕೇಳಿದ ಮೇಲೆ ಉತ್ತರ ಬರುವ ತನಕ ಕಾಯಬೇಕು. ನಮ್ಮ ಕಡೆ ಹಾಗೆ ಮಾಡುತ್ತೇವೆ. ಎಷ್ಟು ಗಂಟೆ ಕೆಲಸ, ಎಷ್ಟು ಬಜೆಟ್ ಎಂದೆಲ್ಲ ಕೇಳುವ ತಾವು ಯಾರ ಮುಖ ಎಂದೂ ಒಂದು ಮಾತು ಕೇಳಬೇಕು. ಗಾಜಿನ ಪೆಟ್ಟಿಗೆ ವಾಪಸು ಪಡೆದು, ಬಣ್ಣ ಸುಳ್ಳು ಹೇಳದ ಆ ಮಾನಿಟರನ್ನು ತಾವೇ ಆಟೊ ಹಿಡಿದು ತಂದುಕೊಡಬೇಕು. ಬುಧವಾರ ಹನ್ನೆರಡರಿಂದ ಒಂದೂವರೆ ಮಾತ್ರ ಬೇಡ.

ತಮಗೆ ಚಿಂತೆ ಬೇಡವೆಂದು ಮುಂದಿನದನ್ನೂ ತಿಳಿಸುತ್ತೇನೆ. ಆ ಶನಿವಾರವೇ ಹಳೇ ಕಂಪ್ಯೂಟರಿನ ಮುಚ್ಚಳ ಬಿಚ್ಚಿ, ಎದುರಿಗೆ ಟೇಬಲ್ ಫ್ಯಾನು ಇಟ್ಟು, ಗೋವಿಂದಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. "ಇನ್ನೂ ಕಪ್ ಮಾಡಿ ಅಕ್ಕ, ಬಿಸಿಲಾಗೇ ಇದ್ದೋರು" ಎಂದರು, ಮಾಡಿದೆ. "ತುಟಿ ಅಷ್ಟ್ ಕೆಂಪಿರ್ಲಿಲ್ಲ, ಬೀಡಿ ಸೇದೋರು" ಎಂದರು, ಅಳಿಸಿದೆ. ಕಾಲು ಗಂಟೆಗೊಮ್ಮೆ ಯಂತ್ರ ಆರಿದಾಗ ಗಂಡನ ಕಥೆ ಹೇಳಿದರು. ಆರು ಪ್ರಿಂಟಿಗೂ ಏನಾದರೊಂದು ತಪ್ಪು ತೆಗೆದರು. ಏಳನೆಯದು ಕೈಗೆ ಕೊಟ್ಟಾಗ ಎದ್ದು ನಿಂತು, ತಲೆಯ ಮೇಲೆ ಸೆರಗು ಎಳೆದುಕೊಂಡರು.

ಇಂತು, ತಾವು ಇನ್ನೂ ಎಷ್ಟೋ ಮನೆಗಳಿಗೆ ದೀಪದ ಪೆಟ್ಟಿಗೆ ಕಳಿಸುವಂತಾಗಲಿ ಎಂದು ಹಾರೈಸಲು ಮನಸ್ಸು ಬಾರದ,

ತಮ್ಮ ವಿಶ್ವಾಸಿ,
ಸಿದ್ದಗಂಗಮ್ಮ
ಸಿದ್ದಾಪುರ

ತಾಜಾ ಕಲಂ: ಗಾಜಿನ ಮೇಲೆ ವಿಭೂತಿ ಇರುವುದರಿಂದ ಅದು "ಬಳಸಿದ ಗುರುತು", ಪೆಟ್ಟಿಗೆ ವಾಪಸು ತೆಗೆದುಕೊಳ್ಳುವುದಿಲ್ಲ ಎಂದು ತಮ್ಮ ಅಂಗಡಿಯವರು ಫೋನಿನಲ್ಲಿ ಹೇಳಿದರು. ಅದು ಬಳಸುವ ಮುಂಚೆ ಹಚ್ಚಿದ್ದು. ಬಳಸಿದ ಮೇಲೆ ಹಚ್ಚಬೇಕು ಅನ್ನಿಸಲಿಲ್ಲ.