ನಾನು ಮಾಡಿದ ವಂದನಾರ್ಪಣೆ

ಓದಲು ಬಾರದವನು ಸಾಹಿತಿಯಾಗಬಾರದು ಎಂದು ಯಾವ ಕಾನೂನಿನಲ್ಲೂ ಇಲ್ಲ. ಇದ್ದರೂ ಅದನ್ನು ನನಗೆ ಓದಲು ಆಗುತ್ತಿರಲಿಲ್ಲ. ಹಾಗೆಂದು ನನ್ನನ್ನು ನಿರಕ್ಷರಕುಕ್ಷಿ ಎಂದು ತಿಳಿಯಬೇಡಿ. ಒಂದೊಂದೇ ಬಂದರೆ ಎಲ್ಲ ಅಕ್ಷರಗಳೂ ನನಗೆ ಪರಿಚಯದವೇ. ನಾಲ್ಕು ಒಟ್ಟಿಗೆ ಬಂದರೆ ಮಾತ್ರ ಬಂಟ್ವಾಳದ ಕಡೆಯ ಬಸ್ಸು ಹತ್ತುವವರ ಹಾಗೆ ಹಿಂದಿನವು ಮುಂದಕ್ಕೆ ನುಗ್ಗುತ್ತವೆ. ಕೊಂಬು, ದೀರ್ಘಗಳು ಪಾಪ, ತಮ್ಮ ಸೀಟು ಬಿಟ್ಟು ಏಳುವುದಿಲ್ಲ. ಈಚೆಗೆ ಒಬ್ಬ ಡಾಕ್ಟರು ಇದಕ್ಕೆ ಡಿಸ್‌ಲೆಕ್ಸಿಯಾ ಎನ್ನುತ್ತಾರೆ ಎಂದರು. ಮರೆಯಬಾರದೆಂದು ಮೂರು ಸಲ ಬರೆದುಕೊಂಡೆ. ಮೂರು ಬೇರೆ ಬೇರೆ ಕಾಯಿಲೆಗಳಾದವು. ನಾನು ಶಾಲೆಗೆ ಹೋಗುತ್ತಿದ್ದಾಗ ಅದರ ಹೆಸರು ದಡ್ಡತನ, ಔಷಧಿ ನಾಗರಬೆತ್ತ.

ತಂದೆ ದೇವಸ್ಥಾನದ ಅರ್ಚಕರು. ಮಂತ್ರವೆಲ್ಲ ಕಿವಿಯಿಂದಲೇ ಬಂದದ್ದರಿಂದ ಮನೆಯಲ್ಲಿ ನನ್ನ ಗುಟ್ಟು ಹೊರಬೀಳಲಿಲ್ಲ. ಶಾಲೆಯಲ್ಲಿ ಪಕ್ಕದವನು ಓದಿದ್ದನ್ನು ಕೇಳಿ, ಪುಸ್ತಕ ಹಿಡಿದು ಒಪ್ಪಿಸುತ್ತಿದ್ದೆ. ಹೇಗೋ ದಾಟಿಕೊಂಡು ಜವಳಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ಸೀರೆ ಬಿಡಿಸುತ್ತಾ ಗಿರಾಕಿಗಳಿಗೆ ಕತೆ ಹೇಳುವ ಚಾಳಿ ಬೆಳೆದು, ಸಾವಿರದ ಒಂಬೈನೂರ ಅರುವತ್ತರ ಸುಮಾರಿಗೆ ಒಂದು ಕತೆಯನ್ನು ಬರೆದೇ ಬಿಟ್ಟೆ. ಊರಿನದೊಂದು ವಾರಪತ್ರಿಕೆಗೆ ಕೊಟ್ಟೆ. ಸಂಪಾದಕರು ಎರಡು ಸಾಲು ನೋಡಿ, "ಎಂತ ಮಾರಾಯ್ರೆ ಇದು, ಕನ್ನಡವಾ ಮಲಯಾಳವಾ?" ಎಂದು ಕಸದ ಬುಟ್ಟಿಗೆ ಹಾಕಿದರಂತೆ.

ಅದನ್ನು ಎತ್ತಿಕೊಂಡವರು ಅಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದ ಇಬ್ರಾಹಿಂ ಬ್ಯಾರಿ. ಮೂವತ್ತು ವರ್ಷ ಉಲ್ಟಾ ಅಕ್ಷರಗಳ ಜೊತೆ ಸಂಸಾರ ಮಾಡಿದವರಿಗೆ ನನ್ನ ಬರಹ ನೀರು ಕುಡಿದಷ್ಟು ಸುಲಭವಾಯಿತು. ಊಟದ ಬಿಡುವಿನಲ್ಲಿ ಜೋಡಿಸಿ ಸಂಪಾದಕರಿಗೆ ತೋರಿಸಿದರು. ಸಂಪಾದಕರು ಬಾಯಲ್ಲಿದ್ದ ಎಲೆಯಡಿಕೆ ನೆತ್ತಿಗೇರುವಷ್ಟು ನಕ್ಕು, "ಯಾರು ಬರೆದದ್ದು?" ಎಂದು ಕೇಳಿದರು.

"ನೀವು ಬುಟ್ಟಿಗೆ ಹಾಕಿದವರು," ಎಂದರು ಬ್ಯಾರಿ.

ಕತೆ ಬಂತು. ಬಂದದ್ದೇ ತಪ್ಪಾಯಿತು. ಅದನ್ನು ಸಭೆಯಲ್ಲಿ ಓದಬೇಕೆಂದು ಪಡೀಲಿನ ಸಾಹಿತ್ಯ ಸಂಘದವರು ಕರೆದರು. ಬಾಯಿಪಾಠ ಮಾಡಿಕೊಂಡು ಹೋಗಿ, ಪತ್ರಿಕೆಯನ್ನು ಮುಖದ ಮುಂದೆ ಹಿಡಿದು ಕತೆ ಹೇಳಿದೆ. ಎದುರು ಕೂತಿದ್ದ ಅಜ್ಜನೊಬ್ಬ ಕತ್ತನ್ನು ಅಷ್ಟು ಕಷ್ಟಪಟ್ಟು ಓರೆ ಮಾಡಿದ್ದು ಯಾಕೆಂದು ಆಮೇಲೆ ಗೊತ್ತಾಯಿತು. ಪತ್ರಿಕೆಯ ಹಿಂಬದಿಯ ತಲೆಯೆಣ್ಣೆ ಜಾಹೀರಾತಿನ ಹೆಂಗಸು ಶೀರ್ಷಾಸನ ಹಾಕಿದ್ದಳು. ಆದರೂ ಜೋರು ಚಪ್ಪಾಳೆ ಬಿತ್ತು. ಆ ಹುಮ್ಮಸ್ಸಿನಲ್ಲಿರುವಾಗಲೇ, ಗಂಟಲು ಕಟ್ಟಿಹೋಗಿದ್ದ ಕಾರ್ಯದರ್ಶಿ ಒಂದು ಚೀಟಿಯನ್ನು ನನ್ನ ಕೈಗೆ ತುರುಕಿ, "ವಂದನಾರ್ಪಣೆ ನೀವೇ ಓದಿಬಿಡಿ," ಎಂದು ಪಿಸುಗುಟ್ಟಿದರು.

ಓಡಲು ಬಾಗಿಲು ದೂರವಿತ್ತು. ಓದಿದೆ. "ಪ್ರಾರ್ಥನೆ ಹಾಡಿದ ಕುಮಾರಿ ಗಾನವೇಣಿಯವರಿಗೆ ವಂದನೆಗಳು." ನಾಗವೇಣಿ ಎಂಬ ಆ ಹುಡುಗಿ ತಲೆಯೆತ್ತಿ ನಕ್ಕಳು. ಸಭೆಯೂ ಮೆಚ್ಚಿ ಚಪ್ಪಾಳೆ ತಟ್ಟಿತು. ನನಗೆ ಧೈರ್ಯ ಬಂತು. "ಅವರ ತಂದೆಯವರೂ ಇಂದಿನ ಅಧ್ಯಕ್ಷರೂ ಆದ ನಮ್ಮ ಪ್ರೀತಿಯ ಮಾವನರಾಯರಿಗೆ..."

ಹೆಂಚು ಹಾರುವಂಥ ನಗು ಎದ್ದಿತು. ಅಧ್ಯಕ್ಷರಾದ ನಿವೃತ್ತ ಹೈಸ್ಕೂಲು ಮಾಸ್ತರು ವಾಮನರಾಯರು ಎದ್ದು ನಿಂತರು.

"ಯಾರು ಮಾರಾಯ ನಿನ್ನ ಮಾವ? ಮದುವೆಯಾಗದ ಮಗಳು ಎದುರು ಕೂತಿರುವಾಗ ಎಂತ ಮಾತು ಇದು?"

"ಚೀಟಿಯಲ್ಲಿ ಹಾಗೇ ಉಂಟು ಸರ್."

"ಎಲ್ಲಿ, ಇನ್ನೊಮ್ಮೆ ಓದು."

ಬೆವರೊರೆಸಿಕೊಂಡು ಓದಿದೆ. "ಮಾವನ..."

ಎರಡನೆಯ ಸಲದ ನಗು ನಿಲ್ಲುವಾಗ ನನ್ನ ಗುಟ್ಟು ಬಾಯಿಗೆ ಬಂದಿತ್ತು. "ಸರ್, ನನಗೆ ಓದಲಿಕ್ಕೆ ಬರುವುದಿಲ್ಲ," ಎಂದೆ. ಇಪ್ಪತ್ತು ವರ್ಷ ಬಚ್ಚಿಟ್ಟದ್ದನ್ನು ಇಷ್ಟು ಜನರ ಮುಂದೆ ಹೇಳಿದ್ದೆ. ಈಗ ಯಾರೂ ನಗಲಿಲ್ಲ. ಅದು ನಗುವಿಗಿಂತ ಕಷ್ಟವಾಗಿತ್ತು.

"ಹಾಗಾದರೆ ಕತೆ ಯಾರದ್ದು? ಕದ್ದದ್ದಾ?" ಎಂದರು ರಾಯರು.

ಹಿಂದಿನ ಬೆಂಚಿನಿಂದ ಇಬ್ರಾಹಿಂ ಬ್ಯಾರಿ ಎದ್ದರು. "ಅವರದ್ದೇ ಮಾಸ್ಟ್ರೇ. ಅವರ ಕೈಬರಹ ನೋಡಿ ನಾನೇ ಮೊಳೆ ಜೋಡಿಸಿದ್ದು. ನಮ್ಮ ಪ್ರೆಸ್ಸಿನಲ್ಲಿ ಮೊಳೆ ಎಲ್ಲ ಉಲ್ಟಾವೇ ಇರುವುದು. ಅದಕ್ಕೆ ಯಾರೂ ಬಯ್ಯುವುದಿಲ್ಲ."

ರಾಯರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮಗಳು, "ಅಪ್ಪಾ, ನೀವು ಕೂತ್ಕೊಳ್ಳಿ. ನನಗೆ ಗಾನವೇಣಿ ಅಡ್ಡಿಲ್ಲ," ಎಂದಳು.

ರಾಯರು ಕೂತರು. ಆದರೆ ಅವರೊಳಗಿನ ಮಾಸ್ತರು ಕೂರಲಿಲ್ಲ. "ಆದಿತ್ಯವಾರ ಮನೆಗೆ ಬಾ, ನಿನಗೆ ಹೇಗೆ ಓದು ಬರುವುದಿಲ್ಲ ನೋಡ್ತೇನೆ," ಎಂದು ಅಲ್ಲೇ ಪಂಥ ಕಟ್ಟಿದರು. ಎಂಟು ತಿಂಗಳು ತಪ್ಪದೆ ಹೋದೆ. ಓದು ಬರಲಿಲ್ಲ. ಆದರೆ ಎಂಟು ತಿಂಗಳು ಕಳೆಯುವಾಗ ಅವರನ್ನು ಮಾವ ಎಂದು ಕರೆಯಲು ಯಾರ ಆಕ್ಷೇಪವೂ ಉಳಿದಿರಲಿಲ್ಲ.

ಅಂದಿನಿಂದ ನಾನು ಹೇಳುತ್ತೇನೆ, ನಾಗವೇಣಿ ಬರೆಯುತ್ತಾಳೆ. ನನ್ನ ಭಾಷೆ ಎಷ್ಟು ಚೊಕ್ಕ ಎಂದು ಓದುಗರು ಹೊಗಳಿ ಬರೆದ ಕಾಗದಗಳನ್ನೂ ಅವಳೇ ಓದಿ ಹೇಳುತ್ತಾಳೆ. ಈ ಪ್ರಬಂಧವನ್ನೂ ಅವಳೇ ಬರೆದುಕೊಂಡಳು. ಬರೆಯುವಾಗ ಆರು ಕಡೆ ನಕ್ಕಳು. ನಾನು ಹೇಳಿದ್ದರಲ್ಲಿ ನಗುವಂಥದ್ದು ಮೂರೇ ಇತ್ತು. ಉಳಿದ ಮೂರು ಎಂತದ್ದು ಎಂದು ದಯವಿಟ್ಟು ಯಾರಾದರೂ ನನಗೆ ಓದಿ ಹೇಳಿ.