ಫ್ಯಾನಿನ ಜಗಳಕ್ಕೆ ಥೈರಾಯ್ಡ್ ಮಾತ್ರೆ

ಚಳ್ಳಕೆರೆಯ ನನ್ನ ಕ್ಲಿನಿಕ್ಕಿಗೆ 'ಥೈರಾಯ್ಡ್ ಕಮ್ಮಿ ಆಗಿರಬೇಕು, ನೋಡಿ ಡಾಕ್ಟ್ರೇ' ಅಂತ ಯಾರೂ ಬರುವುದಿಲ್ಲ. ಮನೆಯ ಜಗಳ ಹೊತ್ತುಕೊಂಡು ಬರುತ್ತಾರೆ. ರಕ್ತ ಪರೀಕ್ಷೆ ಮಾಡಿಸಿದರೆ ಜಗಳದ ಅಡಿಯಲ್ಲಿ ಥೈರಾಯ್ಡ್ ಕೂತಿರುತ್ತದೆ. ಇಂಥದ್ದು ಆಗಾಗ ಇದ್ದೇ ಇರುತ್ತದೆ.

ಫ್ಯಾನು

ಪರಶುರಾಂಪುರದ ಕಡೆಯ ರೈತನೊಬ್ಬ ಏಪ್ರಿಲ್ ಬಿಸಿಲಿನಲ್ಲಿ ಹೆಂಡತಿಯನ್ನು ಕರೆತಂದ. ಆಕೆ ಸ್ವೆಟರ್ ತೊಟ್ಟು, ಮೇಲೆ ಸೆರಗು ಹೊದ್ದು ನಡುಗುತ್ತಿದ್ದಳು.

"ನಾ ಫ್ಯಾನ್ ಹಾಕ್ತೀನಿ, ಇವಳು ಆರಿಸ್ತಾಳೆ. ಏನೋ ಗಾಳಿ ಮೆಟ್ಕೊಂಡೈತೆ ಅಂತಾಳೆ ನಮ್ಮವ್ವ" ಅಂದ.

ಆಕೆಯ ಮುಖ ಊದಿತ್ತು, ಚರ್ಮ ಒಣಗಿತ್ತು, ಕೂದಲು ಉದುರುತ್ತಿತ್ತು. ಪರೀಕ್ಷೆಯಲ್ಲಿ ಥೈರಾಯ್ಡ್ ಸಿಕ್ಕಿಬಿತ್ತು. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ ಬರೆದುಕೊಟ್ಟೆ.

ಕೆಲವು ತಿಂಗಳು ಬಿಟ್ಟು ಗಂಡ ಒಬ್ಬನೇ ಬಂದ. "ಈಗ ಟೇಬಲ್ ಫ್ಯಾನ್ ತನ್ನ ಕಡೆಗೇ ತಿರುಗಿಸ್ಕಂಡು ಮಲಗ್ತಾಳೆ. ನಂಗೆ ಒಂಚೂರೂ ಗಾಳಿ ಇಲ್ಲ. ಅರ್ಧ ಮಾತ್ರೆ ಮಾಡಾಕೆ ಬರ್ತದೇನ್ರಿ?"

ಕೂಗು

ಪೇಟೆಯ ಬೈಕ್ ಮೆಕ್ಯಾನಿಕ್ ಒಬ್ಬ ತನ್ನ ಅಮ್ಮಿಯ ರಿಪೋರ್ಟ್ ಹಿಡಿದು ವಾದಕ್ಕೇ ನಿಂತ. "ಟಿಎಸ್‌ಎಚ್ ಇಷ್ಟು ಜಾಸ್ತಿ ಐತೆ, ನೀವು ಥೈರಾಯ್ಡ್ ಕಮ್ಮಿ ಅಂತೀರಲ್ಲ ಮೇಡಂ?"

"ಅದು ಮೆದುಳಿನ ಕೂಗು ಕಣಪ್ಪ. 'ಏಳು, ಕೆಲಸ ಮಾಡು' ಅಂತ ಥೈರಾಯ್ಡ್ ಗ್ರಂಥಿಯನ್ನ ಕೂಗ್ತದೆ. ಗ್ರಂಥಿ ಏಳಲಿಲ್ಲ ಅಂದ್ರೆ ಇನ್ನೂ ಜೋರಾಗಿ ಕೂಗ್ತದೆ. ಅದಕ್ಕೇ ನಂಬರ್ ಜಾಸ್ತಿ" ಅಂದೆ.

ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಅಮ್ಮಿ ಕಣ್ಣು ಬಿಟ್ಟರು. "ಬೇಟಿ, ನಾನೂ ದಿನಾ ಇವನನ್ನ ಹಂಗೇ ಕೂಗ್ತೀನಿ, ಏಳಲ್ಲ. ಇವನಿಗೂ ಒಂದು ಮಾತ್ರೆ ಬರಿ."

ಯಜಮಾನ

ಮೊಳಕಾಲ್ಮೂರಿನ ಗಂಡ ಹೆಂಡತಿ ಇಬ್ಬರೂ ಮನೆಯ ಮಗ್ಗದಲ್ಲಿ ರೇಷ್ಮೆ ಸೀರೆ ನೇಯುವವರು. ಹೆಂಡತಿಗೆ ನೇಯುತ್ತಿದ್ದಂತೆಯೇ ಕಣ್ಣು ಎಳೆಯುತ್ತಿತ್ತು. ಹಿಡಿದ ಸೀರೆ ಮುಗಿಯುತ್ತಿರಲಿಲ್ಲ. ಅತ್ತೆ 'ಸೋಮಾರಿ' ಅಂದುಬಿಟ್ಟಿದ್ದಳು. ಇವಳೂ ಅದನ್ನೇ ನಂಬಿಕೊಂಡಿದ್ದಳು.

"ನಾನು ಹಿಂಗಿರ್ಲಿಲ್ಲ ಮೇಡಂ" ಅಂತ ನನ್ನೆದುರು ಅತ್ತಳು. ಕಣ್ಣು ಮುಚ್ಚಿ ಕೇಳಿದರೆ ಯಾರೋ ಗಂಡಸು ಅಳುತ್ತಿದ್ದಾನೆ ಅನ್ನಬೇಕು, ದನಿ ಅಷ್ಟು ಗಡಸಾಗಿತ್ತು. ಆ ದನಿಯಿಂದಲೇ ನನಗೆ ಅನುಮಾನ ಬಂತು. ಪರೀಕ್ಷೆ ಆಯಿತು, ಮಾತ್ರೆ ಶುರುವಾಯಿತು.

ವರ್ಷದ ಮೇಲೆ ಬಂದಾಗ ಚುರುಕಾಗಿದ್ದಳು, ದನಿಯೂ ತಿಳಿಯಾಗಿತ್ತು. "ಸೀರೆ ಚೆನ್ನಾಗಿ ಮುಗೀತಾವೆ. ಅತ್ತೆನೂ ಸುಮ್ಮನಾಗ್ಯಾಳೆ. ಮಾರೋದೇ ಕಷ್ಟ ಆಗೈತೆ" ಅಂದಳು.

ಸೀರೆ ಕೊಳ್ಳುವ ಆಂಧ್ರದ ವ್ಯಾಪಾರಿ ಫೋನಿನಲ್ಲೇ ಮಾತಾಡುವವನು. ಫೋನ್ ಎತ್ತುತ್ತಿದ್ದವಳು ಇವಳು. ಆ ಗಡಸು ದನಿ ಕೇಳಿ ಇವಳನ್ನೇ ಯಜಮಾನ ಅಂದುಕೊಂಡು, 'ಅಣ್ಣಗಾರು' ಅಂತ ಹೆದರಿ, ಚೌಕಾಸಿ ಮಾಡದೆ ಒಪ್ಪಿಕೊಳ್ಳುತ್ತಿದ್ದನಂತೆ. ಮೊನ್ನೆ ಫೋನ್ ಮಾಡಿದವನು ಹೊಸ ದನಿ ಕೇಳಿ, "ಅಮ್ಮಾ, ಅಣ್ಣಗಾರಿಗೆ ಕೊಡಿ" ಅಂದ.

ಇವಳು ಗಂಡನ ಕೈಗೆ ಫೋನ್ ಕೊಟ್ಟಳು. ಗಂಡನದು ಹುಟ್ಟಾ ಸಣ್ಣ ದನಿ. ಅವನು "ಹಲೋ, ಹೇಳ್ರಿ" ಅಂದ.

"ನೀವೂ ಬೇಡ ಅಕ್ಕಾ," ಅಂದನಂತೆ ವ್ಯಾಪಾರಿ, "ಮನೇಲಿ ಗಂಡಸ್ರು ಇದ್ರೆ ಕೊಡಿ."