ಹನ್ನೊಂದು ಬೇಸಿಗೆ ಕಂಡ ಚಡ್ಡಿ

ಎಸೆನ್‌ಗುಲ್ ಬೆಳಗಿನ ಚಹಾದಲ್ಲಿ ರೊಟ್ಟಿ ಅದ್ದಿ ಇನ್ನೇನು ಬಾಯಿಗಿಡಬೇಕು, ಅಷ್ಟರಲ್ಲಿ ಫೋನು ಬಡಿದುಕೊಂಡಿತು.

"ಹನ್ನೊಂದು ವರ್ಷದಿಂದ ಒಂದೇ ಚಡ್ಡಿ ಹಾಕ್ಕೊಂಡು ಬೆಟ್ಟ ಹತ್ತಿಸ್ತಿರೋ ಗೈಡು ನೀವೇ ಅಲ್ವಾ?" ಆ ಕಡೆಯಿಂದ ಒಂದು ಹೆಣ್ಣುದನಿ ಇಂಗ್ಲಿಷಿನಲ್ಲಿ ಕೇಳಿತು.

"ನಾನೇ," ಎಂದ ಎಸೆನ್‌ಗುಲ್. ರೊಟ್ಟಿ ಚಹಾದಲ್ಲಿ ಮುಳುಗಿತು.

"ನನ್ನ ಹೆಸರು ಆನೆಲೀಸ್. ಆ ಚಡ್ಡಿ ತಯಾರಿಸಿದ ಕಂಪನಿಯವಳು. ನಿಮ್ಮ ಪ್ರವಾಸಿಗರು ನೆಟ್ಟಲ್ಲಿ ಹಾಕೋ ಫೋಟೋದಲ್ಲೆಲ್ಲ ಅದನ್ನ ನೋಡಿದೀವಿ. ನಮ್ಮ ಆಫೀಸಲ್ಲಿ ಈಗ ಅದರದ್ದೇ ಮಾತು! ಕರಾಕೋಲ್ ಪಟ್ಟಣಕ್ಕೆ ಬಂದಿದೀನಿ, ಮಧ್ಯಾಹ್ನ ನಿಮ್ಮೂರಿಗೆ ಬರ್ತೀನಿ. ಆ ಚಡ್ಡೀನ ಕಣ್ಣಾರೆ ನೋಡ್ಬೇಕು."

ಎಸೆನ್‌ಗುಲನ ಎದೆ ಕಟ್ಟಿಹಾಕಿದ ಕುದುರೆಮರಿಯಂತೆ ಒದೆಯತೊಡಗಿತು. ಯಾವನೋ ಚೆಕ್ ಪ್ರವಾಸಿ ಮೂಟೆಯ ಭಾರ ಇಳಿಸಲೆಂದು ಬಿಟ್ಟುಹೋದ ಚಡ್ಡಿ ಅದು. ಮುಳ್ಳುಪೊದೆ, ಹಿಮದ ಹೊಳೆ, ಕುದುರೆಯ ಬೆವರು ಎಲ್ಲವನ್ನೂ ಉಂಡಿತ್ತು. ಒಮ್ಮೆ ಹೊಳೆಗೆ ಜಾರಿದ ಪ್ರವಾಸಿಯನ್ನು ಎಳೆಯಲು ಹಗ್ಗವಾಗಿತ್ತು, ಇನ್ನೊಮ್ಮೆ ಚಹಾ ಸೋಸುವ ಬಟ್ಟೆಯಾಗಿತ್ತು. ಆ ಚಹಾ ಕುಡಿದವರಿಗೆ ಅವನು ಅದನ್ನು ಇಂದಿಗೂ ಹೇಳಿಲ್ಲ. ಒಂದು ಕಾಲಕ್ಕೆ ಹಸಿರಾಗಿದ್ದ ಅದು ಈಗ ಹೆಸರೇ ಇಲ್ಲದ ಬಣ್ಣಕ್ಕೆ ತಿರುಗಿತ್ತು. ಮೀಸೆ ಬಂದ ಗಂಡಸು ಮಂಡಿ ಬಿಟ್ಟುಕೊಂಡು ತಿರುಗುವುದೇ ಊರಿಗೆ ನಾಚಿಕೆ. ಅತ್ತೆಯಂತೂ ಅಳಿಯ ಎದುರಾದರೆ ಬೀದಿಯ ಆ ಬದಿಗೆ ದಾಟುತ್ತಿದ್ದರು.

"ಬುರುಲ್!" ಹೆಂಡತಿಯನ್ನು ಕೂಗಿದ. "ಕಂಪನಿಯವರೇ ಬರ್ತಿದಾರೆ ಕಣೇ! ನನ್ನ ಫೋಟೋ ತೆಗೀತಾರೆ! ಆಲ್ಪ್ಸ್ ಬೆಟ್ಟಕ್ಕೆ ಕರ್ಕೊಂಡು ಹೋದರೂ ಹೋದರು!"

"ಈ ಚಿಂದಿ ನೋಡೋಕಾ?" ಎಂದಳು ಬುರುಲ್. ಆದರೂ ಕಣ್ಣು ಹೊಳೆದವು. ತಕ್ಷಣ ಬೇಲಿಯ ಬಳಿ ಓಡಿದಳು. ಬೇಲಿಯಾಚೆ ಹೋದ ಸುದ್ದಿ ಬೀದಿಯ ಕೊನೆ ಮುಟ್ಟುವಾಗ ಎಸೆನ್‌ಗುಲನಿಗೆ ಆಲ್ಪ್ಸ್‌ನಲ್ಲಿ ಮನೆಯೂ ಸಿಕ್ಕಿತ್ತು.

ಚಡ್ಡಿಯನ್ನು ಮನೆಯಲ್ಲೇ ಬಿಟ್ಟು, ಹುಲ್ಲುಗಾವಲಿನಿಂದ ಕುದುರೆ ಹಿಡಿದು ತರಲು ಅವನು ಹೋಗಿದ್ದೇ ತಪ್ಪಾಯಿತು. ತಿರುಗಿ ಬಂದು ನೋಡುತ್ತಾನೆ, ಅಂಗಳದಲ್ಲಿ ಅರ್ಧ ಊರೇ ನೆರೆದಿದೆ. ನಡುವೆ ಪಕ್ಕದ ಮನೆಯ ಮುಕಾಶ್, ಸೈನ್ಯದಲ್ಲಿದ್ದಾಗ ಇಸ್ತ್ರಿ ಬಿಟ್ಟು ಬೇರೇನೂ ಕಲಿಯದವನು, ಎರಡೂ ಕೈಯಲ್ಲಿ ಚಡ್ಡಿ ಹಿಡಿದು ನಿಂತಿದ್ದಾನೆ.

ಬುರುಲ್ ಅದನ್ನು ಕುದಿಯುವ ನೀರಿನಲ್ಲಿ ಅದ್ದಿ ಉಜ್ಜಿದ್ದಳು. ಎದುರು ಮನೆಯ ಮುದುಕಿ ಕಾಲಿಪಾ ಅಪಾ ತೂತುಗಳಿಗೆಲ್ಲ ಕೆಂಪು ಕಂಬಳಿಯ ತುಂಡಿಟ್ಟು, ಟಗರಿನ ಕೊಂಬಿನ ಚಿತ್ತಾರ ಹೊಲಿದಿದ್ದಳು. ಮುಕಾಶ್ ತೆಗೆದ ಗೆರೆ ಎಷ್ಟು ಚೂಪಾಗಿತ್ತೆಂದರೆ ಅದರಿಂದ ಕರಬೂಜ ಕೊಯ್ಯಬಹುದಿತ್ತು.

"ಹೆಂಗಿದೆ? ಮದುಮಗ ಹಾಕ್ಕೋಬೇಕು!" ಮುಕಾಶ್ ಬೀಗಿದ.

"ಅಯ್ಯೋ, ನನ್ನ ಮನೆ ಹಾಳು ಮಾಡಿದ್ರಲ್ಲೋ!" ಎಸೆನ್‌ಗುಲ್ ತಲೆಯ ಮೇಲೆ ಕೈಹೊತ್ತು ಕುಕ್ಕರಿಸಿದ. "ಅವಳು ಬರ್ತಿರೋದೇ ಹಳೇದನ್ನ ನೋಡೋಕೆ! ಇದನ್ನ ನೋಡಿದ್ರೆ ನಿನ್ನೆ ಸಂತೇಲಿ ತಂದಿದ್ದು ಅಂತಾಳೆ!"

ಕಾಲಿಪಾ ಅಪಾ ಮುಖ ಊದಿಸಿಕೊಂಡು ಕತ್ತರಿ ತೆಗೆದಳು. "ಬೆಳಗ್ಗೆಯಿಂದ ಕಣ್ಣು ಕಿತ್ಕೊಂಡು ಹೊಲಿದಿದೀನಿ. ಬಿಚ್ಚು ಅಂದ್ರೆ ಬಿಚ್ತೀನಪ್ಪ, ನಮಗೇನು."

"ಬಿಚ್ಚಿದ್ರೆ ಸಾಲದು, ಕೊಳಕಾಗ್ಬೇಕು," ಎಂದ ಮುಕಾಶ್. "ಜೀನಿಗೆ ಕಟ್ಟಿ ಬಯಲಲ್ಲಿ ಎಳ್ಕೊಂಡು ಹೋಗು. ಎರಡು ಸುತ್ತಿಗೆ ಹನ್ನೊಂದು ವರ್ಷ ವಾಪಸ್ ಬರುತ್ತೆ."

ಬೇರೆ ದಾರಿ ಇರಲಿಲ್ಲ. ಎಸೆನ್‌ಗುಲ್ ತೇಪೆ ಬಿಚ್ಚಿಸಿದ ಚಡ್ಡಿಯನ್ನು ಹಗ್ಗಕ್ಕೆ ಬಿಗಿದು ಕುದುರೆ ಹತ್ತಿದ. ಮೊದಲ ಸುತ್ತು ಚೆನ್ನಾಗಿಯೇ ಹೋಯಿತು. ಚಡ್ಡಿ ಧೂಳಿನಲ್ಲಿ ಹೊರಳಿ ಹಳೆಯ ಕಳೆಗೆ ಬರುತ್ತಿತ್ತು. ಆದರೆ ಬಯಲಿನ ಆ ತುದಿಯಲ್ಲಿ ಊರ ಹುಡುಗರು ಕೋಕ್-ಬೊರು ಆಡಲು ಕುದುರೆಗಳ ಮೇಲೆ ಸಜ್ಜಾಗಿ ನಿಂತಿದ್ದರು. ಕುದುರೆಯ ಮೇಲಿಂದಲೇ ಕಿತ್ತಾಡಿ ಗೋಲಿಗೆ ಹಾಕಬೇಕಾದ ಮೇಕೆಯ ಕಳೇಬರ ಇನ್ನೂ ಬಂದಿರಲಿಲ್ಲ. ಕುದುರೆಯ ಹಿಂದೆ ಏನೋ ಒಂದು ನೆಲ ಸವರಿಕೊಂಡು ಹೋಗುತ್ತಿರುವುದು ಕಂಡಿದ್ದೇ ತಡ, ಅವರ ರಕ್ತ ಕುದಿಯಿತು.

"ಹಿಡೀರೋ!"

ಒಬ್ಬ ಬಾಗಿ ಹಗ್ಗ ಕತ್ತರಿಸಿದ, ಇನ್ನೊಬ್ಬ ಎತ್ತಿ ತೊಡೆಯಡಿ ಸಿಕ್ಕಿಸಿದ, ಮೂರನೆಯವನು ಕಾಲು ಹಿಡಿದು ಎಳೆದ. ಚಡ್ಡಿಯ ಕಾಲು!

"ಬಿಡ್ರೋ! ಅದು ಮೇಕೆ ಅಲ್ರೋ! ನನ್ನ ಚಡ್ಡಿ!" ಎಸೆನ್‌ಗುಲ್ ಕೂಗುತ್ತ ಬೆನ್ನಟ್ಟಿದ. ಅವನೂ ಆಟಕ್ಕೆ ಇಳಿದನೆಂದು ಜನ ಕೇಕೆ ಹಾಕಿದರು. ಮೇಲಿನ ಬೀದಿ, ಕೆಳಗಿನ ಬೀದಿ ಎಂದು ಊರು ಎರಡಾಯಿತು. ಕಾಲಿಪಾ ಅಪಾ ಊರುಗೋಲು ಎತ್ತಿ ಕುಣಿಸಿದಳು. ಬುರುಲ್ ಕೂಡ, ಕೈಯಲ್ಲಿ ಅತಿಥಿಗೆಂದು ಬೋರ್ಸೋಕ್ ಉಂಡೆ ಕರಿಯುತ್ತಿದ್ದ ಜಾಲರಿ ಸೌಟು ಹಿಡಿದೇ, "ಎಡಕ್ಕೆ ಎಳೀರಿ! ಎಡಕ್ಕೆ!" ಎಂದು ಅರಚಿದಳು. ಮುಕಾಶ್ ಯಾರದೋ ಕುದುರೆ ಹತ್ತಿ ನುಗ್ಗಿದವನೇ ಚಡ್ಡಿ ಕಸಿದುಕೊಂಡು, ಗೋಲಿಗೆಂದು ಇಟ್ಟಿದ್ದ ಟ್ರ್ಯಾಕ್ಟರ್ ಟೈರಿನೊಳಕ್ಕೆ ಎಸೆದ. ಬಯಲು ನಡುಗುವಂತೆ ಹೋ ಎಂದಿತು.

ಧೂಳು ಇಳಿದಾಗ ಟೈರಿನ ಪಕ್ಕದಲ್ಲಿ ಒಂದು ಜೀಪು ನಿಂತಿತ್ತು. ಕನ್ನಡಕದ, ನೀಳಕಾಲಿನ ಹೆಂಗಸೊಬ್ಬಳು ಟೈರಿನೊಳಗೆ ಬಗ್ಗಿ ಚಡ್ಡಿ ಎತ್ತಿದಳು.

ಆನೆಲೀಸ್ ಹೊಲಿಗೆ ಎಳೆದು ನೋಡಿದಳು, ತಿರುವಿ ನೋಡಿದಳು, ಭೂತಗನ್ನಡಿ ಹಿಡಿದು ನೋಡಿದಳು. ಬಟ್ಟೆ ಜರಡಿಯಂತಾಗಿತ್ತು, ಹೊಲಿಗೆ ಮಾತ್ರ ಒಂದೆಳೆಯೂ ಬಿಟ್ಟಿರಲಿಲ್ಲ.

"ಏಳು ಜನ ಎಳೆದಾಡಿದ್ರೂ!" ಎಂದಳು ಅವಳು. "ಎಸೆನ್‌ಗುಲ್, ಇದನ್ನ ನನಗೆ ಕೊಡ್ತೀರಾ?"

ಅವನು ಎಲ್ಲರಿಗೂ ಕೇಳುವಂತೆ ಊರಿನ ಭಾಷೆಗೆ ತಿರುಗಿಸಿ ಹೇಳಿದ. ಮನೆಗೆ ಬಂದ ಅತಿಥಿ ಬಾಯಿಬಿಟ್ಟು ಕೇಳಿದ್ದನ್ನು ಇಲ್ಲವೆನ್ನುವವನು ಗಂಡಸೇ? "ನಿಮ್ಮದೇ ಅಂತ ತಿಳ್ಕೊಳ್ಳಿ!" ಎಂದು ಎದೆಯ ಮೇಲೆ ಕೈಯಿಟ್ಟ. ಕಾಲಿಪಾ ಅಪಾ ಎರಡೂ ಅಂಗೈಯಿಂದ ತನ್ನ ಮುಖ ಸವರಿಕೊಂಡು ಹರಸಿದಳು. ಹರಸಿಯಾದ ಮೇಲೆ ಕೊಟ್ಟದ್ದು ಕೊಟ್ಟಂತೆಯೇ.

ಆನೆಲೀಸ್ ಜೀಪಿನಿಂದ ಹೊಸ ಚಡ್ಡಿಯೊಂದನ್ನು ತಂದು ಅವನ ಕೈಗಿಟ್ಟಳು.

"ಫೋಟೋ ಯಾವಾಗ ತೆಗೀತೀರಿ?" ಎಸೆನ್‌ಗುಲ್ ಮೀಸೆ ನೀವಿಕೊಂಡು ಕೇಳಿದ.

"ಅಯ್ಯೋ, ಫೋಟೋ ಬೇಡವೇ ಬೇಡ! ಪ್ರವಾಸಿಗರು ನೆಟ್ಟಲ್ಲಿ ಹಾಕಿರೋದನ್ನೂ ಅಳಿಸೋಕೆ ಹೇಳಿ, ದಯವಿಟ್ಟು," ಎಂದಳು ಅವಳು. "ಈ ಹನ್ನೊಂದು ವರ್ಷದಲ್ಲಿ ನೀವು ಇನ್ನೊಂದು ಕೊಂಡ್ರಾ?"

"ಯಾಕೆ ಕೊಳ್ಳಲಿ? ಇದು ಹರಿದ್ರೆ ತಾನೆ!"

"ಅದೇ ನಮ್ಮ ಗೋಳು. ಆ ವರ್ಷ ಯಾವನೋ ಎಂಥದೋ ದಾರ ಹಾಕಿಬಿಟ್ಟಿದ್ದ. ಆ ಚಡ್ಡಿ ಹಾಕಿದವರು ಒಬ್ಬರೂ ಮತ್ತೆ ಅಂಗಡಿ ಕಡೆ ತಲೆ ಹಾಕಲಿಲ್ಲ. ನಮ್ಮ ಹೊಟ್ಟೆಪಾಡು ನಡೀಬೇಕಲ್ಲ? ಎಲ್ಲಿ ತಪ್ಪಾಯ್ತು ಅಂತ ನೋಡ್ಕೊಂಡು ಬಾ, ಇನ್ನೊಂದ್ಸಲ ಆಗಬಾರದು ಅಂತ ನನ್ನ ಕಳಿಸಿದಾರೆ. ನಿಮ್ಮಿಂದ ದೊಡ್ಡ ಉಪಕಾರ ಆಯ್ತು!"

ಅವನ ಕೈ ಕುಲುಕಿ, ಹಳೆಯ ಚಡ್ಡಿಯನ್ನು ಚೀಲಕ್ಕೆ ಹಾಕಿಕೊಂಡು ಅವಳು ಜೀಪು ಹತ್ತಿದಳು.

"ಏನಂದ್ಲು? ಏನಂದ್ಲು?" ಊರೆಲ್ಲ ಅವನನ್ನು ಮುತ್ತಿತು. ಬುರುಲ್ ಅವನ ಮುಖವನ್ನೇ ನೋಡುತ್ತಿದ್ದಳು.

ಎಸೆನ್‌ಗುಲ್ ಹೊಸ ಚಡ್ಡಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡ. "ಇಂಥ ಚಡ್ಡಿ ಇನ್ನು ಈ ಲೋಕದಲ್ಲೇ ಹುಟ್ಟೋದಿಲ್ವಂತೆ," ಎಂದ.

"ನೋಡಿದ್ಯಾ! ನಮ್ಮೂರಿನ ಚಡ್ಡಿ!" ಜನ ಕುಣಿದಾಡಿದರು. ಅವನನ್ನು ಮನೆಯೊಳಕ್ಕೆ ನೂಕಿ, ಹೊಸ ಚಡ್ಡಿ ತೊಡಿಸಿ, ಹೊರಗೆಳೆದು ತಂದರು. "ಕುದುರೆ ಹತ್ತು! ಒಂದು ಸುತ್ತು ಮೆರವಣಿಗೆ ಆಗಿಬಿಡಲಿ!" ಇಡೀ ಊರಿನ ಮುಂದೆ ಬೇಡವೆನ್ನುವ ಎದೆ ಅವನಿಗಿರಲಿಲ್ಲ. ರಿಕಾಪಿನಲ್ಲಿ ಕಾಲಿಟ್ಟ, ಜೀನಿನಾಚೆ ಇನ್ನೊಂದು ಕಾಲು ಎಸೆದ.

ಪರ್‌ರ್!

ಸದ್ದಿಗೆ ಕುದುರೆಯೇ ಕಿವಿ ನಿಮಿರಿಸಿತು. ಹೊಲಿಗೆ ಹಿಂದಿನ ಸೊಂಟಪಟ್ಟಿಯಿಂದ ಮುಂದಿನ ಗುಂಡಿಯವರೆಗೆ ಬಾಯಿ ಬಿಟ್ಟಿತ್ತು. ಹೆಂಗಸರು ಮುಖ ತಿರುಗಿಸಿಕೊಂಡು ನಕ್ಕರು. ಬುರುಲ್ ಸೆರಗಿಲ್ಲದ ಊರಿನಲ್ಲಿ ಜಾಲರಿಯನ್ನೇ ಮುಖಕ್ಕೆ ಅಡ್ಡ ಹಿಡಿದಳು. ದೂರದಲ್ಲಿ ಜೀಪು ತಿರುವಿನಲ್ಲಿ ಮರೆಯಾಗುತ್ತಿತ್ತು. ಇಳಿದರೆ ಮಾನ ಹೋಗುತ್ತದೆ, ಕೂತರೆ ಜೀನಿನ ಚರ್ಮ ಕೊರೆಯುತ್ತದೆ. ಎಸೆನ್‌ಗುಲ್ ಬೇರೆ ದಾರಿ ಕಾಣದೆ ಕುದುರೆಯನ್ನು ಜನವೇ ಇಲ್ಲದ ಬೆಟ್ಟದ ಕಡೆಗೆ ಓಡಿಸಿದ.

ಹಿಂದಿನಿಂದ ಮುಕಾಶನ ಕೂಗು ಕಣಿವೆಯಲ್ಲೆಲ್ಲ ಮೊಳಗಿತು: "ಎಸೆನ್‌ಗುಲ್! ಇದು ಎಷ್ಟು ವರ್ಷ ಬರುತ್ತೆ ಅಂತ ಕೇಳಿದ್ಯೇನೋ?"